ತೈಲಬಾವಿಯ ಆಳ ತಾಳೆಯಾಗದಿದ್ದಾಗ: ಆಧಾರ ಬಿಂದುವಿನ ದೋಷವನ್ನು ಪತ್ತೆ ಹಚ್ಚುವ ಬಗೆ

ಕೊರೆಯುತ್ತಿರುವ ಬಾವಿಯಲ್ಲಿ ನಿರೀಕ್ಷಿತ ಸುಣ್ಣಕಲ್ಲಿನ ಪದರ ಯೋಜನೆಯಲ್ಲಿ ಬರೆದಿದ್ದಕ್ಕಿಂತ ಏಳೆಂಟು ಮೀಟರ್ ಕೆಳಗೆ ಸಿಕ್ಕಿತೆಂದರೆ, ಮೊದಲ ಅನುಮಾನ ಭೂವಿಜ್ಞಾನಿಯ ನಕ್ಷೆಯ ಮೇಲೆ ಬೀಳುತ್ತದೆ. ಪದರ ಅಲ್ಲಿ ಬಾಗಿರಬಹುದು, ನಡುವೆ ಸ್ತರಭಂಗ ಹಾದುಹೋಗಿರಬಹುದು, ನೆಲದೊಳಗೆ ಕಂಪನ ಕಳುಹಿಸಿ ಪದರಗಳನ್ನು ಗುರುತಿಸುವ ಸೈಸ್ಮಿಕ್ ಸಮೀಕ್ಷೆಯಲ್ಲಿ ಅಲೆಯ ವೇಗದ ಅಂದಾಜು ತಪ್ಪಿರಬಹುದು ಎಂಬ ಚರ್ಚೆ ಶುರುವಾಗುತ್ತದೆ. ಇವೆಲ್ಲವೂ ಸಾಧ್ಯ. ಆದರೆ ಆ ಚರ್ಚೆಗೆ ಇಳಿಯುವ ಮುನ್ನ, ಯೋಜನೆಯ ಕಾಗದದಲ್ಲಿರುವ ಆಳವನ್ನೂ ರಿಗ್ಗಿನ (ಬಾವಿ ಕೊರೆಯುವ ಯಂತ್ರಸ್ಥಾವರದ) ಮೇಲೆ ಅಳೆಯುತ್ತಿರುವ ಆಳವನ್ನೂ ಒಂದೇ ಜಾಗದಿಂದ, ಅಂದರೆ ಒಂದೇ ಆಧಾರ ಬಿಂದುವಿನಿಂದ, ಎಣಿಸಲಾಗಿದೆಯೇ ಎಂದು ಕೇಳಬೇಕು. ಈ ಪ್ರಶ್ನೆಗೆ ಉತ್ತರ ಹುಡುಕಲು ಕಾಗದಪತ್ರ ಕೈಯಲ್ಲಿದ್ದರೆ ಹೆಚ್ಚು ಹೊತ್ತು ಬೇಡ. ಕೇಳದೆ ಬಿಟ್ಟರೆ ನಕ್ಷೆಯನ್ನೇ ತಿದ್ದಿ, ಸರಿಯಿದ್ದುದನ್ನೂ ಕೆಡಿಸಿಕೊಳ್ಳುವ ಅಪಾಯವಿದೆ.

ಹಳ್ಳಿಯ ತೆರೆದ ಬಾವಿಯ ಆಳವನ್ನು ಕಟ್ಟೆಯ ಮೇಲಿನಿಂದ ಹಗ್ಗ ಬಿಟ್ಟು ಅಳೆದವನಿಗೂ ನೆಲದ ಮಟ್ಟದಿಂದ ಅಳೆದವನಿಗೂ ಬೇರೆ ಬೇರೆ ಲೆಕ್ಕ ಸಿಗುತ್ತದೆ, ಇಬ್ಬರ ಅಳತೆಯೂ ಸರಿಯಾಗಿಯೇ ಇರುತ್ತದೆ. ತೈಲಬಾವಿಯ ತೊಂದರೆಯೂ ಇಂಥದ್ದೇ. ಇಲ್ಲಿ ಕಟ್ಟೆಗಳು ಏಳೆಂಟಿವೆ, ಜೊತೆಗೆ ಕೆಲವು ಕಟ್ಟೆಗಳು ಬಾವಿಯ ಆಯುಷ್ಯದಲ್ಲಿ ಜಾಗ ಬದಲಿಸುತ್ತವೆ.

ಸೊನ್ನೆ ಎಲ್ಲೆಲ್ಲಿ ಇರಬಹುದು

ಕೊರೆಯುವವರ ಸೊನ್ನೆ ರಿಗ್ಗಿನ ಅಟ್ಟದ ಮೇಲಿರುತ್ತದೆ. ದಾಖಲೆಗಳಲ್ಲಿ ಅದನ್ನು ಆರ್‌ಕೆಬಿ (ರೋಟರಿ ಕೆಲ್ಲಿ ಬುಶಿಂಗ್) ಎಂದೋ, ಕೆಬಿ (ಕೆಲ್ಲಿ ಬುಶಿಂಗ್) ಎಂದೋ, ರೋಟರಿ ಟೇಬಲ್ ಎಂದೋ, ಡೆರಿಕ್ ಫ್ಲೋರ್ ಎಂದೋ ಬರೆದಿರುತ್ತಾರೆ. ಪೈಪನ್ನು ತಿರುಗಿಸುವ ಕೆಲ್ಲಿ ಎಂಬ ದಂಡವನ್ನು ಹಿಡಿಯುವ ಕೆಲ್ಲಿ ಬುಶಿಂಗ್ ಇದ್ದ ಹಳೆಯ ರಿಗ್ಗುಗಳಲ್ಲಿ ಬುಶಿಂಗಿನ ಮೇಲ್ತುದಿಗೂ ಅಟ್ಟಕ್ಕೂ ಒಂದಡಿಯ ಆಸುಪಾಸಿನ ಅಂತರ ಇರುತ್ತಿತ್ತು. ಇಂದಿನ ರಿಗ್ಗುಗಳಲ್ಲಿ ಕೆಲ್ಲಿಯ ಬದಲು ಮೇಲಿನಿಂದಲೇ ಪೈಪ್ ತಿರುಗಿಸುವ ಟಾಪ್ ಡ್ರೈವ್ ಇರುವುದರಿಂದ, ಆರ್‌ಕೆಬಿ ಎಂದು ಬರೆದಿದ್ದರೂ ಅಳತೆ ರೋಟರಿ ಟೇಬಲ್ಲಿನಿಂದಲೇ ಆಗಿರುತ್ತದೆ. ಆಗ ಈ ಹೆಸರುಗಳ ನಡುವೆ ವ್ಯತ್ಯಾಸವಿಲ್ಲ. ಹಳೆಯ ಬಾವಿಯ ಕಡತ ಓದುವಾಗ ಮಾತ್ರ ಎಚ್ಚರವಿರಲಿ.

ಭೂವಿಜ್ಞಾನಿಯ ಸೊನ್ನೆ ಸರಾಸರಿ ಸಮುದ್ರಮಟ್ಟ. ಬೇರೆ ಬೇರೆ ಬಾವಿಗಳ ಪದರಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಅವನಿಗೆ ಯಾವ ರಿಗ್ಗಿಗೂ ಅಂಟಿಕೊಳ್ಳದ ಮಟ್ಟ ಬೇಕು. ಉತ್ಪಾದನಾ ವಿಭಾಗದವರು ಉತ್ಪಾದನಾ ಕೊಳವೆಯನ್ನು ತೂಗುಹಾಕುವ ಟ್ಯೂಬಿಂಗ್ ಹ್ಯಾಂಗರಿನಿಂದಲೋ ಬಾವಿಯ ಬಾಯಿಯಲ್ಲಿ ಕೂರುವ ವೆಲ್‌ಹೆಡ್ಡಿನ ಫ್ಲ್ಯಾಂಜಿನಿಂದಲೋ ಎಣಿಸುತ್ತಾರೆ, ಏಕೆಂದರೆ ರಿಗ್ ಹೊರಟುಹೋದ ಮೇಲೆ ಬಾವಿಯಲ್ಲಿ ಉಳಿಯುವುದು ಅದೇ. ಆಳಸಮುದ್ರದಲ್ಲಿ ಕೆಲಸ ಮಾಡುವವರು ಸಮುದ್ರತಳದಿಂದ ಎಣಿಸುವುದುಂಟು. 2013ರಲ್ಲಿ ಭಾರತದ ಪೂರ್ವ ಕರಾವಳಿಯಾಚೆ 3,165 ಮೀಟರ್ ನೀರಿನಲ್ಲಿ ಒಎನ್‌ಜಿಸಿಗಾಗಿ ಬಾವಿ ಕೊರೆದಾಗ, ಕೊರೆಯುವ ತುದಿಯಾದ ಬಿಟ್ ಸಮುದ್ರತಳವನ್ನು ಮುಟ್ಟುವ ಹೊತ್ತಿಗೆ ಕೊರೆಯುವವರ ಲೆಕ್ಕದಲ್ಲಿ ಆಳ ಮೂರು ಕಿಲೋಮೀಟರ್ ದಾಟಿಬಿಟ್ಟಿತ್ತು. ಅಂಥ ಕಡೆ ಬಂಡೆಯ ಮೇಲಿನ ಭಾರವನ್ನು ಲೆಕ್ಕ ಹಾಕುವಾಗ ಅಟ್ಟದಿಂದ ಎಣಿಸಿದ ಅಂಕಿಯೊಂದೇ ಕೈಯಲ್ಲಿದ್ದರೆ ಏನೂ ತಿಳಿಯದು.

ಇದರ ಜೊತೆಗೆ ಅಳತೆಯ ದಾರಿಯೂ ಎರಡು. ಬಾವಿಯ ಓರೆಕೋರೆಗಳ ಉದ್ದಕ್ಕೂ ಪೈಪ್ ಎಣಿಸಿ ಪಡೆದದ್ದು ಅಳತೆ ಆಳ, ಅಂದರೆ ಎಂಡಿ. ಅದೇ ಬಿಂದುವಿನಿಂದ ಲಂಬವಾಗಿ ಇಳಿಸಿದರೆ ಬರುವುದು ಲಂಬ ಆಳ, ಅಂದರೆ ಟಿವಿಡಿ. ಲಂಬ ಆಳದಿಂದ, ಸಮುದ್ರಮಟ್ಟದಿಂದ ಅಟ್ಟಕ್ಕಿರುವ ಎತ್ತರವನ್ನು ಕಳೆದರೆ ಸಮುದ್ರಮಟ್ಟದ ಕೆಳಗಿನ ಆಳ, ಅಂದರೆ ಟಿವಿಡಿಎಸ್‌ಎಸ್ ಸಿಗುತ್ತದೆ. ಈ ಮೂರರಲ್ಲಿ ರಿಗ್ ಬದಲಾದರೂ ಬದಲಾಗಬಾರದ್ದು ಟಿವಿಡಿಎಸ್‌ಎಸ್ ಒಂದೇ. ದೋಷ ಹುಡುಕುವ ಕೆಲಸವೆಲ್ಲ ಈ ಸಂಗತಿಯನ್ನು ಹಿಡಿದು ಸಾಗುತ್ತದೆ.

ವ್ಯತ್ಯಾಸದ ಆಕಾರ ನೋಡಿ

ಒಂದು ಪದರದ ವ್ಯತ್ಯಾಸವನ್ನಷ್ಟೇ ನೋಡಿ ಕಾರಣ ಹೇಳಲು ಆಗುವುದಿಲ್ಲ. ಕನಿಷ್ಠ ನಾಲ್ಕೈದು ಪದರಗಳ ಯೋಜಿತ ಆಳ ಮತ್ತು ದೊರೆತ ಆಳವನ್ನು ಅಕ್ಕಪಕ್ಕ ಬರೆದು, ಅಂತರವನ್ನು ಮೂರನೆಯ ಕಂಬಸಾಲಿನಲ್ಲಿ ಬರೆಯಿರಿ. ಅಂತರಗಳ ಸಾಲು ತಾನಾಗಿಯೇ ಮಾತಾಡುತ್ತದೆ.

ಮೇಲಿನ ಪದರದಿಂದ ಕೆಳಗಿನ ಪದರದವರೆಗೆ ಅಂತರ ಒಂದೇ ಆಗಿದ್ದರೆ ಆಧಾರ ಬಿಂದುವಿನ ದೋಷವೆಂದೇ ಹಿಡಿಯಬೇಕು. ಭೂಮಿಯ ಪದರಗಳು ಎಲ್ಲವೂ ಒಟ್ಟಿಗೆ, ಹತ್ತು ಸೆಂಟಿಮೀಟರಿನ ನಿಖರತೆಯಲ್ಲಿ, ಒಂದೇ ಅಳತೆಯಷ್ಟು ಕೆಳಗಿಳಿಯುವುದು ತೀರ ಅಪರೂಪ. ಆ ಅಂತರ ಅಟ್ಟದ ಎತ್ತರಕ್ಕೆ ಸಮವಾಗಿದ್ದರೆ ಯಾರೋ ಅದನ್ನು ಕಳೆಯುವುದನ್ನು ಮರೆತಿದ್ದಾರೆ. ಅಟ್ಟದ ಎತ್ತರದ ಎರಡರಷ್ಟಿದ್ದರೆ ಕಳೆಯುವ ಬದಲು ಕೂಡಿಸಿದ್ದಾರೆ. ಸಮುದ್ರಮಟ್ಟದ ಕೆಳಗಿನ ಆಳವನ್ನು ಕೆಲವರು ಋಣ ಚಿಹ್ನೆಯೊಂದಿಗೆ, ಕೆಲವರು ಚಿಹ್ನೆಯಿಲ್ಲದೆ ಬರೆಯುವುದರಿಂದ, ಒಂದು ತಂಡದ ಕೋಷ್ಟಕವನ್ನು ಇನ್ನೊಂದು ತಂಡದ ಸಾಫ್ಟ್‌ವೇರಿಗೆ ಹಾಕುವಾಗ ಈ ತಪ್ಪು ಸುಲಭವಾಗಿ ನುಸುಳುತ್ತದೆ. ಅಡಿ ಮತ್ತು ಮೀಟರಿನ ಗೊಂದಲವೂ ಇಲ್ಲಿಯೇ ಕಾಣಿಸಿಕೊಳ್ಳುತ್ತದೆ: 38.9 ಮೀಟರ್ ಎತ್ತರದ ಅಟ್ಟ ಅಡಿಯ ಲೆಕ್ಕದಲ್ಲಿ 127.6, ಆ 127.6 ಅನ್ನು ಮೀಟರ್ ಎಂದು ತುಂಬಿದರೆ ಪದರಗಳೆಲ್ಲ 88.7 ಮೀಟರ್ ಸರಿದು ಕೂರುತ್ತವೆ. ಇಷ್ಟು ದೊಡ್ಡ ತಪ್ಪನ್ನು ಯಾರಾದರೂ ಗಮನಿಸುತ್ತಾರೆ. ಅಪಾಯವಿರುವುದು ಐದರಿಂದ ಹತ್ತು ಮೀಟರಿನ ತಪ್ಪುಗಳಲ್ಲಿ, ಏಕೆಂದರೆ ಅವು ಭೂವಿಜ್ಞಾನದ ಅನಿಶ್ಚಿತತೆಯ ಮಿತಿಯೊಳಗೆ ಅಡಗಿಕೊಳ್ಳುತ್ತವೆ.

ಅಂತರ ಆಳದೊಂದಿಗೆ ನಿಧಾನವಾಗಿ ಬೆಳೆಯುತ್ತಿದ್ದರೆ ಸೊನ್ನೆಯನ್ನು ಬಿಟ್ಟು ಅಳತೆಗೋಲನ್ನು ಶಂಕಿಸಬೇಕು. ಕೊರೆಯುವವರು ಪೈಪುಗಳನ್ನು ಮೇಲೆ, ಭಾರವಿಲ್ಲದ ಸ್ಥಿತಿಯಲ್ಲಿ, ಒಂದೊಂದಾಗಿ ಅಳೆದು ಕೂಡಿಸುತ್ತಾರೆ. ಬಾವಿಯೊಳಗೆ ಅದೇ ಪೈಪು ತನ್ನ ಭಾರಕ್ಕೆ ಹಿಗ್ಗುತ್ತದೆ, ತಳದ ಬಿಸಿಗೆ ಇನ್ನಷ್ಟು ಹಿಗ್ಗುತ್ತದೆ. ಐದಿಂಚಿನ ಸಾಮಾನ್ಯ ಡ್ರಿಲ್ ಪೈಪಿಗೆ 3,000 ಮೀಟರ್ ಆಳದಲ್ಲಿ ಸ್ವಂತ ಭಾರದ ಹಿಗ್ಗು ಸುಮಾರು 1.3 ಮೀಟರ್, ಸರಾಸರಿ ಉಷ್ಣತೆ 40 ಡಿಗ್ರಿ ಏರಿದರೆ ಉಕ್ಕಿನ ಉಷ್ಣ ಹಿಗ್ಗು ಸುಮಾರು 1.4 ಮೀಟರ್. ಹೀಗೆ ಪೈಪಿನ ಲೆಕ್ಕದ ಆಳ ನಿಜವಾದ ಆಳಕ್ಕಿಂತ ಕಡಿಮೆ ತೋರಿಸಬಹುದು, ಆ ಕೊರತೆ ಎರಡೂವರೆ ಮೀಟರನ್ನೂ ಮೀರಬಹುದು. ತಂತಿಯಲ್ಲಿ ಮಾಪಕ ಇಳಿಸಿ ಬಂಡೆಯ ಗುಣಗಳನ್ನು ಆಳದ ಲೆಕ್ಕದಲ್ಲಿ ದಾಖಲಿಸುವ ವೈರ್‌ಲೈನ್ ಲಾಗಿನವರು ತಮ್ಮ ತಂತಿಯ ಹಿಗ್ಗಿಗೆ ತಿದ್ದುಪಡಿ ಮಾಡಿ ಬೇರೆಯೇ ಆಳ ಕೊಡುತ್ತಾರೆ. ಎರಡರ ನಡುವೆ ಈ ಪ್ರಮಾಣದ ಅಂತರ ಬಂದರೆ ಅದನ್ನು ದೋಷವೆನ್ನುವುದಕ್ಕಿಂತ ಅಳತೆಯ ಸ್ವಭಾವವೆನ್ನಬೇಕು. ಯಾವ ಆಳವನ್ನು ಅಧಿಕೃತವೆಂದು ಹಿಡಿಯಲಾಗಿದೆ ಎಂಬುದನ್ನು ಬರೆಯದಿರುವುದೇ ದೋಷ.

ಒಂದು ಪದರದವರೆಗೆ ಎಲ್ಲವೂ ತಾಳೆಯಾಗಿ, ಅದರ ಕೆಳಗೆ ಅಂತರ ಒಮ್ಮೆಲೇ ಜಿಗಿದರೆ ಪೈಪಿನ ಪಟ್ಟಿ ತೆಗೆದು ನೋಡಿ. ಜಿಗಿತ ಒಂಬತ್ತೂವರೆ ಮೀಟರಿನ ಆಸುಪಾಸಿದ್ದರೆ ಒಂದು ಪೈಪನ್ನು ಎಣಿಸದೆ ಬಿಟ್ಟಿದ್ದಾರೆ ಅಥವಾ ಎರಡು ಸಲ ಎಣಿಸಿದ್ದಾರೆ. ಇಪ್ಪತ್ತೆಂಟು ಇಪ್ಪತ್ತೊಂಬತ್ತು ಮೀಟರಿದ್ದರೆ ಮೂರು ಪೈಪುಗಳ ಒಂದು ಪೂರ್ತಿ ಸ್ಟ್ಯಾಂಡ್ ಲೆಕ್ಕ ತಪ್ಪಿದೆ. ಅಂತರಗಳಿಗೆ ಯಾವ ಆಕಾರವೂ ಇಲ್ಲದಿದ್ದರೆ, ಆಗ ಭೂವಿಜ್ಞಾನಿಯನ್ನು ಕರೆಯಿರಿ.

ಹಳೆಯ ಬಾವಿ, ಹೊಸ ರಿಗ್

ಈ ದೋಷ ಅತಿ ಹೆಚ್ಚು ಹುಟ್ಟುವುದು ಹಳೆಯ ಬಾವಿಗೆ ಮತ್ತೆ ರಿಗ್ ತರುವಾಗ. ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರದ ಮುಂಬೈ ಹೈ ಕ್ಷೇತ್ರವನ್ನು ಸಾಗರ್ ಸಾಮ್ರಾಟ್ ರಿಗ್ 1974ರಲ್ಲಿ ಕಂಡುಹಿಡಿಯಿತು. ಅಲ್ಲಿಯ ಮುಖ್ಯ ತೈಲಪದರವಾದ ಎಲ್-3 ಮಯೋಸೀನ್ ಯುಗದ ಸುಣ್ಣಕಲ್ಲು. ಇಂಥ ಹಳೆಯ ಕ್ಷೇತ್ರದಲ್ಲಿ ಒಂದು ಪ್ಲಾಟ್‌ಫಾರ್ಮಿನ ಬಾವಿಯನ್ನು ಸಮುದ್ರತಳಕ್ಕೆ ಕಾಲೂರಿ ನಿಲ್ಲುವ ಒಂದು ಜ್ಯಾಕಪ್ ರಿಗ್ ಕೊರೆದು ಹೋಗಿರುತ್ತದೆ, ವರ್ಷಗಳ ನಂತರ ದುರಸ್ತಿಗೋ ಪಕ್ಕಕ್ಕೆ ಹೊಸ ಕವಲು ಕೊರೆಯಲೋ ಇನ್ನೊಂದು ಬರುತ್ತದೆ. ಎರಡರ ಅಟ್ಟಗಳು ಒಂದೇ ಎತ್ತರದಲ್ಲಿ ನಿಲ್ಲಬೇಕೆಂಬ ನಿಯಮವಿಲ್ಲ.

ಲೆಕ್ಕಕ್ಕಾಗಿ ಒಂದು ಕಾಲ್ಪನಿಕ ಬಾವಿ ಹಿಡಿಯೋಣ. ಮೂಲ ರಿಗ್ಗಿನ ಅಟ್ಟ ಸಮುದ್ರಮಟ್ಟದಿಂದ 31.4 ಮೀಟರ್ ಎತ್ತರ, ಹೊಸದರದ್ದು 38.9 ಮೀಟರ್, ವೆಲ್‌ಹೆಡ್ಡಿನ ಫ್ಲ್ಯಾಂಜ್ 15.0 ಮೀಟರ್, ಪದರದ ನೆತ್ತಿ ಸಮುದ್ರಮಟ್ಟದ ಕೆಳಗೆ 1,330.0 ಮೀಟರ್, ಬಾವಿ ಲಂಬ. ಹಳೆಯ ಲಾಗಿನಲ್ಲಿ ಈ ನೆತ್ತಿ 1,361.4 ಎಂದಿರುತ್ತದೆ, ಹೊಸ ರಿಗ್ಗಿನಲ್ಲಿ ಅದೇ ಜಾಗ 1,368.9. ಯೋಜಕ ಹಳೆಯ ಅಂಕಿಯನ್ನೇ ಹೊಸ ಕಾಗದಕ್ಕೆ ನಕಲಿಸಿದ್ದರೆ, ಎಲ್ಲ ಪದರಗಳೂ ತಪ್ಪದೆ 7.5 ಮೀಟರ್ ಕೆಳಗೆ ಸಿಗುತ್ತವೆ.

ಬಾವಿ ಓರೆಯಾಗಿದ್ದರೂ ಈ 7.5 ಬದಲಾಗುವುದಿಲ್ಲ. ಅಟ್ಟದಿಂದ ವೆಲ್‌ಹೆಡ್ಡಿನವರೆಗಿನ ಭಾಗ ಲಂಬವಾಗಿರುವುದರಿಂದ ಎಂಡಿ ಮತ್ತು ಟಿವಿಡಿ ಎರಡಕ್ಕೂ ಅಷ್ಟೇ ಸೇರುತ್ತದೆ. ಕವಲು ಬಾವಿಗಳಲ್ಲಿ ಎಡವುವುದು ಇಲ್ಲಿಯೇ: ಬಾವಿ ಯಾವ ಆಳದಲ್ಲಿ ಎತ್ತ ತಿರುಗಿದೆ ಎಂದು ತೋರಿಸುವ ಹಳೆಯ ಸರ್ವೆಗೆ ಹೊಸ ಸರ್ವೆಯನ್ನು ಜೋಡಿಸುವಾಗ ಒಬ್ಬರು ಹಳೆಯ ಎಂಡಿಗಳಿಗೆ 7.5 ಕೂಡಿಸುತ್ತಾರೆ, ಇನ್ನೊಬ್ಬರು ಸಾಫ್ಟ್‌ವೇರಿನ ಆಧಾರ ಬಿಂದುವನ್ನೂ ಬದಲಿಸುತ್ತಾರೆ, ತಿದ್ದುಪಡಿ ಎರಡು ಸಲ ಬೀಳುತ್ತದೆ. ಅಂತರ ಈಗ 7.5ರಷ್ಟೇ ಉಳಿದು, ದಿಕ್ಕು ತಿರುಗಿರುತ್ತದೆ. ಪದರಗಳು ಕೆಳಗೆ ಸಿಗುವ ಬದಲು ಮೇಲೆ ಸಿಗುತ್ತವೆ. ತಿದ್ದಿದ ಮೇಲೂ ದೋಷ ತಲೆಕೆಳಗಾಗಿ ಉಳಿದಿದ್ದರೆ ಇದೇ ಕಾರಣವೆಂದು ತಿಳಿಯಿರಿ.

ಪರೀಕ್ಷೆ ಸರಳವಾಗಿದೆ. ಅಟ್ಟದಿಂದ ವೆಲ್‌ಹೆಡ್ ಫ್ಲ್ಯಾಂಜಿನವರೆಗೆ ಟೇಪ್ ಇಳಿಸಿ ಅಳೆಯಿರಿ. ಹಳೆಯ ದಾಖಲೆಯಲ್ಲಿ 16.4 ಇದ್ದು ಈಗ 23.9 ಬಂದರೆ ವ್ಯತ್ಯಾಸ 7.5 ಎಂಬುದು ಸಮುದ್ರಮಟ್ಟದ ಗೊಡವೆಯೇ ಇಲ್ಲದೆ ಸಾಬೀತಾಗುತ್ತದೆ. ಜ್ಯಾಕಪ್ ರಿಗ್ಗಿನಲ್ಲಿ ಈ ಅಳತೆಯನ್ನು ಕಾಲುಗಳಿಗೆ ಪೂರ್ವಭಾರ ಕೊಟ್ಟು, ರಿಗ್ಗಿನ ಒಡಲನ್ನು ಅಂತಿಮ ಎತ್ತರಕ್ಕೆ ಏರಿಸಿದ ಮೇಲೆಯೇ ತೆಗೆದುಕೊಳ್ಳಬೇಕು. ರಿಗ್ಗಿನ ನಕ್ಷೆಪುಸ್ತಕದಿಂದ ನಕಲು ಮಾಡಿದ ಎತ್ತರ ಅಂದಾಜು ಮಾತ್ರ.

ಗುಂಡು ಹಾರಿಸಿ ಕೇಸಿಂಗಿಗೆ (ಬಾವಿಯ ಗೋಡೆಗೆ ಆಸರೆಯಾದ ಉಕ್ಕಿನ ಕೊಳವೆಗೆ) ರಂಧ್ರ ಮಾಡುವ ಪರ್ಫೊರೇಶನ್ ಕೆಲಸದಲ್ಲಿ ಈ ತಪ್ಪು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ, ಏಕೆಂದರೆ ಬಂಡೆಯ ವಿಕಿರಣವನ್ನೂ ಕೇಸಿಂಗಿನ ಕೀಲುಗಳನ್ನೂ ಗುರುತಿಸುವ ಗಾಮಾ ರೇ ಮತ್ತು ಕೇಸಿಂಗ್ ಕಾಲರ್ ಲಾಗನ್ನು ಹಳೆಯ ಲಾಗಿಗೆ ಹೊಂದಿಸಿಯೇ ಗನ್ ಹಾರಿಸುತ್ತಾರೆ. ಪೈಪ್ ಎಣಿಸಿ ಕೂರಿಸುವ ಪ್ಯಾಕರ್ (ಪೈಪಿನ ಸುತ್ತಲಿನ ಸಂದನ್ನು ಮುಚ್ಚುವ ರಬ್ಬರಿನ ಬಿರಡೆ), ಸಿಮೆಂಟ್ ಪ್ಲಗ್, ಕವಲು ತೆಗೆಯುವ ವಿಪ್‌ಸ್ಟಾಕ್ ಇವುಗಳಿಗೆ ಅಂಥ ಕಾವಲಿಲ್ಲ. ಪ್ಯಾಕರ್ ಏಳೂವರೆ ಮೀಟರ್ ಮೇಲೆ ಕೂತು ಹಳೆಯ ರಂಧ್ರಗಳ ನಡುವೆ ಸಿಕ್ಕಿಕೊಂಡರೆ ಅದು ಹಿಡಿಯುವುದಿಲ್ಲ; ಆಗ ಪ್ಯಾಕರಿನ ರಬ್ಬರನ್ನು ಬೈಯುತ್ತಾ ಕೂರುವುದು ವ್ಯರ್ಥ.

ಅಟ್ಟವಿರಲಿ, ಪ್ಲಾಟ್‌ಫಾರ್ಮೇ ಎತ್ತರ ಬದಲಿಸಿದ ಪ್ರಸಂಗವೂ ಇದೆ. ನಾರ್ವೆಯ ಎಕೋಫಿಸ್ಕ್ ಕ್ಷೇತ್ರದಲ್ಲಿ ಸೀಮೆಸುಣ್ಣದ ಪದರ ಕುಗ್ಗಿ ಸಮುದ್ರತಳ ಕುಸಿಯುತ್ತಿರುವುದು 1984ರಲ್ಲಿ ಗಮನಕ್ಕೆ ಬಂತು, 1987ರಲ್ಲಿ ಪ್ಲಾಟ್‌ಫಾರ್ಮುಗಳನ್ನು ಆರು ಮೀಟರ್ ಎತ್ತಲಾಯಿತು. ಅಲ್ಲಿಯ ಹಳೆಯ ಬಾವಿಯ ಕಡತ ತೆರೆಯುವವರಿಗೆ ಅಟ್ಟದ ಎತ್ತರದ ಪಕ್ಕದಲ್ಲಿ ಅಳೆದ ದಿನಾಂಕವೂ ಬೇಕೇ ಬೇಕು.

ಸಮುದ್ರಮಟ್ಟವೂ ಒಂದೇ ಅಲ್ಲ

ಸಮುದ್ರದ ಆಳ ತೋರಿಸುವ ನೌಕಾ ನಕ್ಷೆಗಳು ಸರಾಸರಿ ಸಮುದ್ರಮಟ್ಟದಿಂದ ಎಣಿಸುವುದಿಲ್ಲ. ಹಡಗಿನ ತಳ ನೆಲಕ್ಕೆ ತಾಗಬಾರದೆಂಬ ಕಾಳಜಿಯಿಂದ ಅವು ಬಲು ತಗ್ಗಿನ ಇಳಿತದ ಮಟ್ಟವನ್ನು ಸೊನ್ನೆಯಾಗಿ ಹಿಡಿಯುತ್ತವೆ. ಮುಂಬಯಿ ಬಂದರಿನಲ್ಲಿ ಈ ಎರಡರ ಅಂತರ ಸುಮಾರು ಎರಡೂವರೆ ಮೀಟರ್. ನೀರಿನ ಆಳವನ್ನು ನೌಕಾ ನಕ್ಷೆಯಿಂದಲೂ ಅಟ್ಟದ ಎತ್ತರವನ್ನು ಸರಾಸರಿ ಮಟ್ಟದಿಂದಲೂ ತೆಗೆದುಕೊಂಡು ಕೂಡಿಸಿದರೆ ಸಮುದ್ರತಳ ಅಷ್ಟು ಮೇಲೆ ಬಂದು ಕೂರುತ್ತದೆ. ತೇಲುವ ರಿಗ್ಗುಗಳಲ್ಲಿ ಉಬ್ಬರವಿಳಿತದ ಜೊತೆಗೆ ಹಡಗು ಎಷ್ಟು ಮುಳುಗಿದೆ ಎಂಬುದೂ ಅಟ್ಟದ ಎತ್ತರವನ್ನು ಬದಲಿಸುವುದರಿಂದ, ಸಮುದ್ರತಳದ ವೆಲ್‌ಹೆಡ್ಡನ್ನೇ ಗಟ್ಟಿ ಗುರುತಾಗಿ ಹಿಡಿದು, ಅಲ್ಲಿಗೆ ತಾಗಿದ ಕ್ಷಣದ ಉಬ್ಬರದ ಮಟ್ಟವನ್ನೂ ಸಮಯವನ್ನೂ ದಾಖಲಿಸಬೇಕು.

ಜಿಪಿಎಸ್ ಇನ್ನೊಂದು ಬಲೆ. ಅದು ಮೂಲತಃ ಕೊಡುವ ಎತ್ತರ ಭೂಮಿಯ ಗಣಿತೀಯ ದೀರ್ಘಗೋಳದ ಮೇಲಿನದು, ಸಮುದ್ರಮಟ್ಟದ ಮೇಲಿನದಲ್ಲ. ದಕ್ಷಿಣ ಭಾರತದಲ್ಲಿ ಈ ಎರಡರ ಅಂತರ ಜಗತ್ತಿನಲ್ಲೇ ಅತಿ ದೊಡ್ಡದರ ಸಾಲಿಗೆ ಸೇರುತ್ತದೆ: ಭಾರತದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು 100 ಮೀಟರ್ ಮೀರುತ್ತದೆ, ಬೆಂಗಳೂರಿನಲ್ಲಿ 80 ಮೀಟರಿಗೂ ಹೆಚ್ಚು. ತಿದ್ದುಪಡಿಯಿಲ್ಲದ ಯಂತ್ರವನ್ನು ಬೆಂಗಳೂರಿನಲ್ಲಿ ಹಿಡಿದರೆ 920 ಮೀಟರಿನ ಊರು 830ರ ಸುಮಾರಿನಲ್ಲಿ ಕಾಣಿಸುತ್ತದೆ. ನೆಲದ ಮೇಲಿನ ಬಾವಿಯೊಂದರ ಲೆಕ್ಕದಲ್ಲಿ ಹತ್ತಾರು ಮೀಟರಿನ ಸ್ಥಿರ ಅಂತರ ಕಂಡು, ಅದು ಅಟ್ಟದ ಎತ್ತರಕ್ಕೂ ನೆಲದ ಎತ್ತರಕ್ಕೂ ಹೊಂದದಿದ್ದರೆ, ಸರ್ವೆಯವರನ್ನು ಮೊದಲು ಈ ತಿದ್ದುಪಡಿಯ ಬಗ್ಗೆ ವಿಚಾರಿಸಿ.

ನೆಲದ ಬಾವಿಗಳಲ್ಲಿ ಉಳಿದ ತೊಂದರೆಗಳು ಇಷ್ಟು: ಸರ್ವೆ ಆದ ಮೇಲೆ ಜಾಗ ಸಮತಟ್ಟು ಮಾಡಲು ಮಣ್ಣು ಕಡಿದಿರುತ್ತಾರೆ, ನೆಲದಿಂದ ಅಟ್ಟಕ್ಕಿರುವ ಒಂಬತ್ತು ಮೀಟರನ್ನೇ ಸಮುದ್ರಮಟ್ಟದಿಂದ ಅಟ್ಟದ ಎತ್ತರವೆಂದು ತುಂಬಿರುತ್ತಾರೆ, ಅಥವಾ ಸೈಸ್ಮಿಕ್ ದತ್ತಾಂಶದ ಸೊನ್ನೆಯನ್ನು ಸಮುದ್ರಮಟ್ಟಕ್ಕಿಂತ ಮೇಲೆ ಇಟ್ಟಿದ್ದನ್ನು ಯಾರೂ ತಿಳಿಸಿರುವುದಿಲ್ಲ. ಆ ಸೊನ್ನೆ 200 ಮೀಟರ್ ಎತ್ತರದಲ್ಲಿದ್ದು, ಸೆಕೆಂಡಿಗೆ 2,000 ಮೀಟರ್ ವೇಗ ಹಿಡಿದಿದ್ದರೆ, ಹೋಗಿ ಬರುವ ಸಮಯದಲ್ಲಿ ಇಡೀ ಚಿತ್ರ 200 ಮಿಲಿಸೆಕೆಂಡ್ ಸರಿದಿರುತ್ತದೆ.

ಒತ್ತಡದಲ್ಲಿ ತೋರುವ ಲಕ್ಷಣ

ಆಧಾರ ಬಿಂದುವಿನ ದೋಷ ಪದರಗಳ ಪಟ್ಟಿಯಲ್ಲಿ ಕಾಣಿಸದೆ, ಬಾವಿ ಮಡ್ (ಕೊರೆಯುವಾಗ ಬಾವಿಗೆ ತುಂಬುವ ಭಾರದ ದ್ರವ) ಕುಡಿಯತೊಡಗಿದಾಗ, ಅಂದರೆ ಅದು ಬಂಡೆಯೊಳಗೆ ಸೋರತೊಡಗಿದಾಗ, ಹೊರಬೀಳುವುದೂ ಉಂಟು. ಬಂಡೆ ಬಿರಿಯುವ ಒತ್ತಡವನ್ನು ಮಡ್ಡಿನ ಸಾಂದ್ರತೆಯ ಮಾನದಲ್ಲಿ ಹೇಳುವಾಗ, ಅದನ್ನು ಯಾವ ಎತ್ತರದಿಂದ ಭಾಗಿಸಲಾಗಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ಮೇಲಿನ ಹೊಸ ರಿಗ್ಗಿನಲ್ಲೇ, ಅಟ್ಟದಿಂದ 300 ಮೀಟರ್ ಆಳ ಎಂದರೆ ಸಮುದ್ರಮಟ್ಟದಿಂದ 261.1 ಮೀಟರ್. ಭೂವಿಜ್ಞಾನಿ ಸಮುದ್ರಮಟ್ಟದಿಂದ ಎಣಿಸಿ 1.35 ಎಂದು ಕೊಟ್ಟ ಬಿರಿತದ ಮಿತಿ ಸುಮಾರು 34.6 ಬಾರ್ ಒತ್ತಡಕ್ಕೆ ಸಮ. ಮಡ್ಡಿನ ಕಂಬ ಮಾತ್ರ ಅಟ್ಟದ ಹತ್ತಿರದಿಂದಲೇ ಶುರುವಾಗುತ್ತದೆ. 1.22 ಸಾಂದ್ರತೆಯ ಮಡ್ಡು 300 ಮೀಟರಿಗೆ ಸುಮಾರು 35.9 ಬಾರ್ ಒತ್ತುತ್ತದೆ. ಕಾಗದದ ಮೇಲೆ 1.35ರ ಎದುರು 1.22 ನಿರಾಳವಾಗಿ ಕಾಣುತ್ತದೆ, ಬಾವಿಯಲ್ಲಿ ಬಂಡೆ ಬಿರಿದಿರುತ್ತದೆ. ಅಟ್ಟದಿಂದ ಎಣಿಸಿದರೆ ನಿಜವಾದ ಮಿತಿ 1.175 ಮಾತ್ರ. 3,000 ಮೀಟರ್ ಆಳದಲ್ಲಿ ಇದೇ ಗೊಂದಲ 1.80 ಅನ್ನು 1.78 ಮಾಡುತ್ತದೆ, ಅಷ್ಟೇ. ಆದ್ದರಿಂದ ಮೇಲಿನ ಕೇಸಿಂಗಿನ ಹಂತದಲ್ಲಿ ಮಡ್ ನಷ್ಟವಾಗಿ, ಕೆಳಗೆ ಎಲ್ಲವೂ ಯೋಜನೆಯಂತೆ ನಡೆದಿದ್ದರೆ, ಬಂಡೆಯ ಬಲವನ್ನು ಶಂಕಿಸುವ ಮೊದಲು ಕೋಷ್ಟಕದ ತಲೆಬರಹ ಓದಿ.

ಒಂದೇ ತೈಲಕೊಳದ ಎರಡು ಬಾವಿಗಳಲ್ಲಿ ಪದರದ ಒತ್ತಡ ಅಳೆದು, ಆಳದ ಎದುರು ಒತ್ತಡ ಗುರುತಿಸಿ ಎಳೆದ ಗೆರೆಗಳು ಒಂದರ ಮೇಲೊಂದು ಕೂರದಿದ್ದಾಗ ನಡುವೆ ತಡೆಗೋಡೆ ಇದೆಯೆಂಬ ತೀರ್ಮಾನಕ್ಕೆ ಜಿಗಿಯುವುದು ಇನ್ನೊಂದು ಸಾಮಾನ್ಯ ಅವಸರ. ಇಲ್ಲಿ ಅನಿಲ, ಎಣ್ಣೆ, ನೀರು ಮೂರೂ ವಲಯಗಳ ಅಂತರವನ್ನು ಬೇರೆ ಬೇರೆಯಾಗಿ ಓದಿ. ಆಳದಲ್ಲಿ 7.5 ಮೀಟರ್ ತಪ್ಪಿದ್ದರೆ, ನೀರಿನ ವಲಯದಲ್ಲಿ ಒತ್ತಡದ ಅಂತರ ಮುಕ್ಕಾಲು ಬಾರ್ ಸುಮಾರು, ಎಣ್ಣೆಯಲ್ಲಿ 0.6, ಅನಿಲದಲ್ಲಿ 0.1ರ ಆಸುಪಾಸು. ಮಾಪಕವೇ ತಪ್ಪಿದ್ದರೆ ಮೂರರಲ್ಲೂ ಅಂತರ ಒಂದೇ ಆಗಿರುತ್ತದೆ. ಇಂದಿನ ಸ್ಫಟಿಕ ಮಾಪಕಗಳು ಈ ವ್ಯತ್ಯಾಸವನ್ನು ಲೀಲಾಜಾಲವಾಗಿ ಗುರುತಿಸುತ್ತವೆ. ನನ್ನ ಮಟ್ಟಿಗೆ ಆಧಾರ ಬಿಂದುವಿನ ದೋಷಕ್ಕೆ ಇದಕ್ಕಿಂತ ನಂಬಿಕಸ್ಥ ಸಾಕ್ಷಿ ಇಲ್ಲ, ಏಕೆಂದರೆ ಇಲ್ಲಿ ಯಾರ ನೆನಪನ್ನೂ ಯಾರ ಕೈಬರಹವನ್ನೂ ನಂಬಬೇಕಾಗಿಲ್ಲ.

ಸಿಕ್ಕ ದೋಷವನ್ನು ತಿದ್ದುವ ಕ್ರಮ

ಲಾಗಿನ ತಲೆಪಟ್ಟಿಯಲ್ಲಿ ಶಾಶ್ವತ ಆಧಾರ ಯಾವುದು, ಅದರ ಎತ್ತರ ಎಷ್ಟು, ಲಾಗನ್ನು ಎಲ್ಲಿಂದ ಅಳೆಯಲಾಗಿದೆ, ಕೊರೆತವನ್ನು ಎಲ್ಲಿಂದ ಅಳೆಯಲಾಗಿದೆ ಎಂಬುದಕ್ಕೆ ಪ್ರತ್ಯೇಕ ಮನೆಗಳಿವೆ. ಮೊದಲು ಅವನ್ನು ಓದಿ; ಖಾಲಿ ಬಿಟ್ಟಿದ್ದರೆ ಅದನ್ನೇ ಮೊದಲ ಶಂಕಿತವಾಗಿ ಬರೆದುಕೊಳ್ಳಿ. ದೋಷ ಖಚಿತವಾದ ಮೇಲೆ ಮೂಲ ಲಾಗನ್ನೂ ಮೂಲ ಸರ್ವೆಯನ್ನೂ ಅಳಿಸಿ ಬರೆಯಬೇಡಿ. ಅವು ತಮ್ಮ ಹಳೆಯ ಆಧಾರದಲ್ಲಿ ಸರಿಯಾಗಿಯೇ ಇವೆ. ಅವುಗಳ ಪಕ್ಕದಲ್ಲಿ ತಿದ್ದುಪಡಿಯ ಪ್ರಮಾಣ, ಚಿಹ್ನೆ, ದಿನಾಂಕ ಬರೆದು, ಹೊಸ ಅಟ್ಟಕ್ಕೆ ಹೊಂದಿಸಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಇಡಿ. ಸಾಫ್ಟ್‌ವೇರಿನಲ್ಲಿ ಹಳೆಯ ಬಾವಿಯ ಆಧಾರವನ್ನು ಬದಲಿಸದೆ ಕವಲಿಗೆ ಹೊಸ ಆಧಾರವನ್ನು ಪ್ರತ್ಯೇಕವಾಗಿ ಸೇರಿಸಿ, ನಂತರ ಒಂದು ಗುರುತು ಪದರದ ಟಿವಿಡಿಎಸ್‌ಎಸ್ ಎರಡೂ ಪ್ರತಿಗಳಲ್ಲಿ ಒಂದೇ ಬರುತ್ತದೆಯೇ ನೋಡಿ. ನಮ್ಮ ಉದಾಹರಣೆಯಲ್ಲಿ ಎರಡರಲ್ಲೂ 1,330.0 ಬಂದರೆ ತಿದ್ದುಪಡಿ ಸರಿಯಾಗಿ, ಒಂದೇ ಸಲ ಬಿದ್ದಿದೆ, 1,322.5 ಅಥವಾ 1,337.5 ಬಂದರೆ ಪರಿಷ್ಕೃತ ಕಾಗದವನ್ನು ರಿಗ್ಗಿಗೆ ಕಳುಹಿಸದೆ ತಡೆಹಿಡಿಯಿರಿ.